ಪ್ರಾಥಮಿಕ ಕೋಶ, ದ್ವಿತೀಯಕ ಕೋಶ: ಆಯ್ಕೆಯ ವಿವೇಚನೆ

ಕನ್ನಡನಾಡಿನ ಹಳ್ಳಿಗಳಲ್ಲಿ ಕೈದೀಪಕ್ಕೇ 'ಬ್ಯಾಟರಿ' ಎಂಬ ಹೆಸರು ನಿಂತು ಬಹುಕಾಲವಾಯಿತು. ಅದರೊಳಗೆ ಹಾಕುವ ವಸ್ತುವನ್ನು ಜನರು 'ಸೆಲ್ಲು' ಎಂದೋ, ಉತ್ತರ ಕರ್ನಾಟಕದ ಕಡೆ 'ಶೆಲ್ಲು' ಎಂದೋ ಕರೆಯುತ್ತಾರೆ. ಓದಿದವರು ಇದನ್ನು ತಿದ್ದಲು ಹೋಗುವುದುಂಟು. ಆದರೆ ಶಾಸ್ತ್ರದ ಪರಿಭಾಷೆಯನ್ನು ಹಿಡಿದು ನೋಡಿದರೆ ಜನರ ಮಾತೇ ಹೆಚ್ಚು ಸರಿಯಾದುದು. ಒಂಟಿಯಾಗಿರುವುದು ಸೆಲ್, ಎಂದರೆ ಕೋಶ. ಹಲವು ಕೋಶಗಳು ಸಾಲುಗೂಡಿದಾಗ ಅದು ಬ್ಯಾಟರಿ, ಎಂದರೆ ಕೋಶಮಾಲೆ. ಎರಡು ಮೂರು ಸೆಲ್ಲುಗಳನ್ನು ಒಂದರ ಹಿಂದೊಂದರಂತೆ ಹೊಟ್ಟೆಯಲ್ಲಿಟ್ಟುಕೊಂಡ ಕೈದೀಪವನ್ನು ಬ್ಯಾಟರಿ ಎಂದರೆ ತಪ್ಪೇನಿಲ್ಲ.

ಹೆಸರಿನ ವಿಚಾರ ಹಾಗಿರಲಿ. ಇಂದು ಒಂದು ಸಾಧಾರಣ ಪ್ರೌಢಶಾಲೆಯ ಆವರಣವನ್ನು ಸುತ್ತಿ ಬಂದರೆ ಈ ಪುಟ್ಟ ಕೋಶಗಳನ್ನು ಆಶ್ರಯಿಸಿದ ಅನೇಕ ಉಪಕರಣಗಳು ಕಣ್ಣಿಗೆ ಬೀಳುತ್ತವೆ. ಕೋಣೆಕೋಣೆಗೂ ಗೋಡೆಗಡಿಯಾರ, ಪ್ರಾರ್ಥನೆಯ ವೇಳೆಗೆ ತಂತಿಯಿಲ್ಲದ ಮೈಕು, ಪ್ರಯೋಗಶಾಲೆಯಲ್ಲಿ ಮಲ್ಟಿಮೀಟರು, ವಿದ್ಯಾರ್ಥಿನಿಲಯದ ಮೇಲ್ವಿಚಾರಕರ ಕೈಯಲ್ಲಿ ಟಾರ್ಚು, ಪ್ರೊಜೆಕ್ಟರಿಗೊಂದು ರಿಮೋಟು. ವರ್ಷದ ಕೊನೆಗೆ ಲೆಕ್ಕಪತ್ರಗಳನ್ನು ಜೋಡಿಸುವಾಗ 'ಸೆಲ್ ಖರೀದಿ' ಎಂಬ ಚಿಕ್ಕಚಿಕ್ಕ ಚೀಟಿಗಳು ಒಂದೆಡೆ ಸೇರಿ ಸಣ್ಣದಲ್ಲದ ಮೊತ್ತವಾಗುತ್ತವೆ. ಆಗ ಸಭೆಯಲ್ಲಿ ಒಬ್ಬರಲ್ಲ ಒಬ್ಬರು, ಎಸೆಯುವ ಸೆಲ್ಲನ್ನು ಬಿಟ್ಟು ಮರಳಿ ತುಂಬುವ ಸೆಲ್ಲನ್ನೇ ಎಲ್ಲೆಡೆ ಬಳಸಬಾರದೇಕೆ ಎಂದು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದೇ. ಆದರೆ 'ಎಲ್ಲೆಡೆ' ಎಂಬ ಮಾತಿನಲ್ಲಿ ತೊಡಕಿದೆ. ದಾನಿಗಳು ಕೊಟ್ಟ ಹಣವು ತಪ್ಪು ಸ್ಥಳದಲ್ಲಿ ಹಾಕಿದ ಮರುಪೂರಣ ಕೋಶದಲ್ಲಿ ವ್ಯರ್ಥವಾಗುವಷ್ಟೇ ಸುಲಭವಾಗಿ, ತಪ್ಪು ಸ್ಥಳದಲ್ಲಿ ಹಾಕಿದ ಎಸೆಯುವ ಕೋಶದಲ್ಲಿಯೂ ವ್ಯರ್ಥವಾಗುತ್ತದೆ. ಆದುದರಿಂದ ಯಾವುದು ಅಗ್ಗ ಎಂದು ಕೇಳುವ ಮೊದಲು ಬೇರೆ ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಉಪಕರಣವು ತನ್ನ ಕೋಶವನ್ನು ಎಷ್ಟು ದಿನಗಳಲ್ಲಿ ಬರಿದುಮಾಡುತ್ತದೆ? ಬರಿದಾದುದನ್ನು ತುಂಬುವವರು ಯಾರು?

ಎರಡು ಕುಲಗಳು

ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ 1800ರಲ್ಲಿ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟಿನ ತುಂಡುಗಳನ್ನಿಟ್ಟು, ಎಡೆಬಿಡದೆ ಹರಿಯುವ ವಿದ್ಯುತ್ಪ್ರವಾಹವನ್ನು ಪ್ರಥಮವಾಗಿ ಪಡೆದನು. ಅಂದಿನಿಂದ ಇಂದಿನವರೆಗಿನ ಎಲ್ಲ ಕೋಶಗಳೂ ಅದೇ ತತ್ತ್ವದ ಮೇಲೆ ನಡೆಯುತ್ತಿವೆ. ಎರಡು ಭಿನ್ನ ಪದಾರ್ಥಗಳ ನಡುವೆ ರಾಸಾಯನಿಕ ಕ್ರಿಯೆಯೊಂದು ನಡೆಯಲು ಹವಣಿಸುತ್ತಿರುತ್ತದೆ. ಅದನ್ನು ನೇರವಾಗಿ ನಡೆಯಗೊಡದೆ, ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕವೇ ಸುತ್ತಿಬರುವಂತೆ ಮಾಡಿದರೆ ಆ ದಾರಿಯಲ್ಲಿ ದೀಪ ಹೊತ್ತಿಸಬಹುದು, ಗಡಿಯಾರ ನಡೆಸಬಹುದು. ಆ ಕ್ರಿಯೆಯನ್ನು ಹಿಂದುಮುಂದಾಗಿ ನಡೆಸಲಾಗದಿದ್ದರೆ ಅದು ಪ್ರಾಥಮಿಕ ಕೋಶ. ಹೊರಗಿನಿಂದ ವಿದ್ಯುತ್ತನ್ನು ವಿರುದ್ಧ ದಿಕ್ಕಿನಲ್ಲಿ ಹಾಯಿಸಿ ಪದಾರ್ಥಗಳನ್ನು ಮೊದಲಿನ ಸ್ಥಿತಿಗೆ ತರಬಹುದಾದರೆ ಅದು ದ್ವಿತೀಯಕ ಕೋಶ, ಎಂದರೆ ಪೇಟೆಯ ಮಾತಿನ ರೀಚಾರ್ಜಬಲ್ ಸೆಲ್.

ಇತಿಹಾಸದಲ್ಲಿ ದ್ವಿತೀಯಕ ಕೋಶವೇ ಇಂದಿನ ಟಾರ್ಚಿನ ಸೆಲ್ಲಿಗಿಂತ ಹಿರಿಯದು ಎಂಬುದು ಹಲವರಿಗೆ ಹೊಸ ಸಂಗತಿಯಾಗಬಹುದು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಸೀಸ ಮತ್ತು ಗಂಧಕಾಮ್ಲದ ಸಂಚಯಕೋಶವನ್ನು 1859ರಲ್ಲಿಯೇ ರಚಿಸಿದ್ದನು. ಜಾರ್ಜ್ ಲೆಕ್ಲಾಂಶೆಯ ಸತು-ಮ್ಯಾಂಗನೀಸ್ ಕೋಶ ಬಂದದ್ದು 1866ರಲ್ಲಿ. ಅದರ ದ್ರವವನ್ನು ಸರಿಯಂತೆ ಗಟ್ಟಿಮಾಡಿ, ಓರೆಮಾಡಿದರೂ ಚೆಲ್ಲದ 'ಶುಷ್ಕಕೋಶ'ವನ್ನಾಗಿ ಕಾರ್ಲ್ ಗಾಸ್ನರ್ ರೂಪಿಸಿದ್ದು 1886ರ ಸುಮಾರಿಗೆ. ಹಿರಿಯದಾದ ಸಂಚಯಕೋಶ ಹಿಂದೆ ಬಿದ್ದು, ಕಿರಿಯದಾದ ಶುಷ್ಕಕೋಶ ಲೋಕವನ್ನು ವ್ಯಾಪಿಸಲು ಕಾರಣ ಸರಳವಾಗಿದೆ. ಪ್ಲಾಂಟೆಯ ಕಾಲದಲ್ಲಿ ಸಂಚಯಕೋಶವನ್ನು ತುಂಬಲು ವಿದ್ಯುದಾಗಾರಗಳೇ ಇರಲಿಲ್ಲ. ಅದನ್ನು ತುಂಬಲು ಮತ್ತೆ ಪ್ರಾಥಮಿಕ ಕೋಶಗಳನ್ನೇ ಖರ್ಚುಮಾಡಬೇಕಾಗಿತ್ತು. ಬಾವಿಯಿಲ್ಲದ ಊರಿನಲ್ಲಿ ಕೊಡಕ್ಕೆ ಏನು ಬೆಲೆ?

ಕರ್ನಾಟಕದ ಅನುಭವವೂ ಇದೇ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆದರೆ ಬಹುಪಾಲು ಹಳ್ಳಿಗಳಿಗೆ ತಂತಿ ಬಂದದ್ದು ಅದಾದ ಎಷ್ಟೋ ದಶಕಗಳ ಮೇಲೆ. ಅಲ್ಲಿಯವರೆಗೆ ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವವನಿಗೂ, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಟ್ರಾನ್ಸಿಸ್ಟರಿನಲ್ಲಿ ಕೇಳುವ ಮನೆಯವರಿಗೂ ಶುಷ್ಕಕೋಶವಲ್ಲದೆ ಅನ್ಯ ಗತಿಯಿರಲಿಲ್ಲ. ಮರುಪೂರಣ ಕೋಶವು ತನ್ನ ಬೆನ್ನ ಹಿಂದೆ ನಂಬಬಹುದಾದ ವಿದ್ಯುತ್ ಸಂಪರ್ಕವೊಂದನ್ನು ಬೇಡುತ್ತದೆ. ಇಂದಿಗೂ ಆಯ್ಕೆಯ ಮೊದಲನೆಯ ಮೆಟ್ಟಿಲು ಅದೇ ಆಗಿದೆ.

ಬಿಸಿಲಿಗಿಟ್ಟ ಸೆಲ್ಲು

ಆ ಕಾಲದ ಮನೆಗಳಲ್ಲಿ ಒಂದು ರೂಢಿಯಿತ್ತು. ರೇಡಿಯೋದ ದನಿ ಕುಗ್ಗಿದಾಗ ಸೆಲ್ಲುಗಳನ್ನು ಹೊರತೆಗೆದು ಅಂಗಳದ ಬಿಸಿಲಿಗೆ ಒಡ್ಡುತ್ತಿದ್ದರು. ಸಂಜೆ ಮರಳಿ ಹಾಕಿದರೆ ಒಂದಷ್ಟು ಹೊತ್ತು ಹಾಡು ಕೇಳುತ್ತಿತ್ತು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ರಸಾಯನಶಾಸ್ತ್ರವನ್ನು ಸರಿಯಾಗಿ ನೋಡಿಲ್ಲ. ಸೂರ್ಯನ ಶಾಖವು ಸೆಲ್ಲಿನೊಳಕ್ಕೆ ವಿದ್ಯುತ್ತನ್ನೇನೂ ತುಂಬುವುದಿಲ್ಲ, ನಿಜ. ಆದರೆ ಕೋಶವು ಕೆಲಸಮಾಡುತ್ತಿರುವಾಗ ಅದರೊಳಗಿನ ಪದಾರ್ಥಗಳು ಒಂದೆಡೆ ದಟ್ಟವಾಗಿ ಮತ್ತೊಂದೆಡೆ ವಿರಳವಾಗಿ ಹಂಚಿಹೋಗಿ ಕ್ರಿಯೆಗೆ ಅಡ್ಡಿಯಾಗುತ್ತದೆ. ವಿಶ್ರಾಂತಿ ಕೊಟ್ಟಾಗ ಅವು ಮತ್ತೆ ಹರಡಿಕೊಳ್ಳುತ್ತವೆ. ಕಾವಿನಲ್ಲಿ ಈ ಹರಡಿಕೆ ತೀವ್ರವಾಗುತ್ತದೆ. ತಳದಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಶಕ್ತಿ ಹೊರಬರುತ್ತದೆ, ಅಷ್ಟೆ. ಅಂದಿನ ಮಿತವ್ಯಯಕ್ಕೆ ಈ ಉಪಾಯ ಸರಿಯಾಗಿಯೇ ಇತ್ತು. ಇಂದು ಲೀಥಿಯಂ ಕೋಶವನ್ನು ಹಾಗೆ ಬಿಸಿಲಿಗಿಟ್ಟರೆ ಅದು ಕೆಡುವುದು ಮಾತ್ರವಲ್ಲ, ಅಪಾಯಕ್ಕೂ ಕಾರಣವಾದೀತು.

ಸಾಧಾರಣ ಸತು-ಇಂಗಾಲ ಕೋಶವನ್ನು ಸೀಳಿ ನೋಡಿದರೆ ನಡುವೆ ಇಂಗಾಲದ ಕಡ್ಡಿ, ಅದರ ಸುತ್ತ ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಇಂಗಾಲದ ಕಪ್ಪು ಪುಡಿ, ಹೊರಗೆ ಸತುವಿನ ಡಬ್ಬಿ ಕಾಣುತ್ತವೆ. ಇಲ್ಲಿ ವಿಶೇಷವೆಂದರೆ ಡಬ್ಬಿಯೇ ಇಂಧನ. ಕೋಶವು ವಿದ್ಯುತ್ತನ್ನು ಕೊಟ್ಟಂತೆಲ್ಲ ಸತುವು ಕರಗುತ್ತ ಬರುತ್ತದೆ. ಕೊನೆಗೆ ಗೋಡೆ ತೂತಾಗಿ ಒಳಗಿನ ದ್ರವ ಸೋರಿ ಟಾರ್ಚಿನ ಸ್ಪ್ರಿಂಗು ತುಕ್ಕುಹಿಡಿಯುತ್ತದೆ. ಪಾತ್ರೆಯನ್ನೇ ಉರಿಸಿ ಅಡಿಗೆ ಮಾಡಿದ ಹಾಗೆ! 1950ರ ದಶಕದಲ್ಲಿ ಲೂಯಿಸ್ ಅರ್ರಿ ಎಂಬ ವಿಜ್ಞಾನಿ ಎವರೆಡಿ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಈ ರಚನೆಯನ್ನು ಒಳಹೊರಗು ಮಾಡಿದನು. ಸತುವು ಪುಡಿಯಾಗಿ ನಡುವಿಗೆ ಬಂದಿತು, ಮ್ಯಾಂಗನೀಸ್ ಹೊರಕ್ಕೆ ಹೋಯಿತು, ಡಬ್ಬಿ ಉಕ್ಕಿನದಾಯಿತು, ಕ್ರಿಯೆಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಮಾಧ್ಯಮವಾಯಿತು. ಪುಡಿಗೆ ಮೈವಿಸ್ತಾರ ಹೆಚ್ಚಾದುದರಿಂದ ಪ್ರವಾಹವೂ ಹೆಚ್ಚು, ಆಯುಷ್ಯವೂ ಹೆಚ್ಚು. ಇದೇ ಇಂದಿನ ಆಲ್ಕಲೈನ್ ಸೆಲ್.

ಮರುಪೂರಣ ಕೋಶಗಳಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ರಚಿಸಿದ ನಿಕಲ್-ಕ್ಯಾಡ್ಮಿಯಂ ಕೋಶವು ಬಹುಕಾಲ ಆಳಿತು. ಕ್ಯಾಡ್ಮಿಯಂ ವಿಷಲೋಹವಾದುದರಿಂದ ಅದರ ಸ್ಥಾನಕ್ಕೆ ಜಲಜನಕವನ್ನು ಹೀರಿಕೊಳ್ಳುವ ಮಿಶ್ರಲೋಹವನ್ನು ತಂದು ನಿಕಲ್-ಹೈಡ್ರೈಡ್ ಕೋಶವನ್ನು ಮಾಡಿದರು. ಪೆನ್ಸಿಲ್ ಸೆಲ್ಲಿನ ಗಾತ್ರದಲ್ಲಿ ಇಂದು ಅಂಗಡಿಯಲ್ಲಿ ಸಿಗುವ ಮರುಪೂರಣ ಕೋಶ ಸಾಮಾನ್ಯವಾಗಿ ಇದೇ. 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಲೀಥಿಯಂ-ಅಯಾನ್ ಕೋಶವು ಮೊಬೈಲು ಮತ್ತು ಲ್ಯಾಪ್‌ಟಾಪುಗಳ ಒಡಲನ್ನು ಸೇರಿತು. ಅದರ ನಿರ್ಮಾತೃಗಳಾದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರ ನೊಬೆಲ್ ಪಾರಿತೋಷಕ ಸಂದಿತು. ಮೊಬೈಲಿನಲ್ಲಿ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲವಾದುದರಿಂದ ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಒಂದೂವರೆ ವೋಲ್ಟಿನ ಗೊಂದಲ

ಎಸೆಯುವ ಸೆಲ್ಲಿನ ಮೇಲೆ 1.5 ವೋಲ್ಟ್ ಎಂದೂ, ನಿಕಲ್-ಹೈಡ್ರೈಡ್ ಸೆಲ್ಲಿನ ಮೇಲೆ 1.2 ವೋಲ್ಟ್ ಎಂದೂ ಅಚ್ಚಾಗಿರುವುದನ್ನು ಕಂಡು, ಎರಡನೆಯದು ದುರ್ಬಲವೆಂದು ತೀರ್ಮಾನಿಸುವುದು ಸಾಮಾನ್ಯ. ಇದು ಅರ್ಧಸತ್ಯ. ಪ್ರಾಥಮಿಕ ಕೋಶದ ವೋಲ್ಟೇಜು 1.5ರಲ್ಲಿ ಆರಂಭವಾಗಿ ಬಳಕೆಯುದ್ದಕ್ಕೂ ಇಳಿಯುತ್ತಲೇ ಹೋಗುತ್ತದೆ. ಅರ್ಧ ಆಯುಷ್ಯ ಕಳೆಯುವ ಹೊತ್ತಿಗೆ ಅದೂ 1.2ರ ಆಸುಪಾಸಿಗೆ ಬಂದಿರುತ್ತದೆ. ನಿಕಲ್-ಹೈಡ್ರೈಡ್ ಕೋಶವಾದರೋ ಬಹುಮಟ್ಟಿಗೆ 1.2ರಲ್ಲಿಯೇ ಸಮನಾಗಿ ನಡೆದು ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ. ಆದುದರಿಂದ ಬಹುಪಾಲು ಉಪಕರಣಗಳಿಗೆ ಈ ವ್ಯತ್ಯಾಸ ಬಾಧಕವಲ್ಲ. ಮೂರು ಸೆಲ್ಲುಗಳ ಚಿಕ್ಕ ಎಲ್‌ಇಡಿ ಟಾರ್ಚಿನಲ್ಲಿ ಮಾತ್ರ 4.5ರ ಬದಲು 3.6 ವೋಲ್ಟ್ ದೊರೆಯುವುದರಿಂದ ಬೆಳಕು ಮೊದಲಿನಿಂದಲೇ ಮಂದವಾಗಿ ಕಾಣುತ್ತದೆ. ಕೆಲವು ಉಪಕರಣಗಳ ಸೂಚಕವು ತುಂಬಿದ ಸೆಲ್ಲನ್ನೂ ಅರ್ಧ ಬರಿದೆಂದು ತೋರಿಸುವುದೂ ಉಂಟು.

ವೋಲ್ಟೇಜಿಗಿಂತ ಮುಖ್ಯವಾದುದು ಹಸಿವಿನ ಪ್ರಮಾಣ. ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್ಲಿನಿಂದ ಸ್ವಲ್ಪಸ್ವಲ್ಪವಾಗಿ ಪ್ರವಾಹ ಎಳೆದರೆ 2000 ಮಿಲಿಆಂಪಿಯರ್-ಗಂಟೆಗೂ ಹೆಚ್ಚು ದೊರೆಯುತ್ತದೆ. ಅದೇ ಸೆಲ್ಲಿನಿಂದ ಒಂದು ಆಂಪಿಯರಿನಂತೆ ರಭಸದಿಂದ ಎಳೆದರೆ ಅದರ ಅರ್ಧವೂ ಕೈಗೆ ಹತ್ತುವುದಿಲ್ಲ. ಉಳಿದುದು ಕೋಶದ ಆಂತರಿಕ ರೋಧದಲ್ಲಿ ಬಿಸಿಯಾಗಿ ಹೋಗುತ್ತದೆ ಅಥವಾ ಒಳಗೇ ಉಳಿದುಬಿಡುತ್ತದೆ. ನಿಕಲ್-ಹೈಡ್ರೈಡ್ ಕೋಶದ ಆಂತರಿಕ ರೋಧ ಅತ್ಯಲ್ಪವಾದುದರಿಂದ ಅದು ರಭಸಕ್ಕೆ ಅಂಜುವುದಿಲ್ಲ. ಛಾಯಾಚಿತ್ರಗ್ರಾಹಕರು ತಮ್ಮ ಫ್ಲಾಷಿಗೆ ಮರುಪೂರಣ ಕೋಶವನ್ನೇ ಹಾಕುವುದು ಈ ಕಾರಣದಿಂದ.

ಇನ್ನು ನಿದ್ರೆಯ ವಿಚಾರ. ಹಳೆಯ ತರಹದ ನಿಕಲ್-ಹೈಡ್ರೈಡ್ ಕೋಶವನ್ನು ತುಂಬಿ ಸುಮ್ಮನೆ ಇಟ್ಟರೂ ತಿಂಗಳಿಗೆ ಐದನೆಯ ಒಂದು ಭಾಗಕ್ಕೂ ಹೆಚ್ಚು ತಾನಾಗಿ ಸೋರಿಹೋಗುತ್ತಿತ್ತು. 2005ರಲ್ಲಿ ಜಪಾನಿನ ಸಾನ್ಯೋ ಸಂಸ್ಥೆ ಎನಿಲೂಪ್ ಎಂಬ ಹೆಸರಿನಲ್ಲಿ, ಒಂದು ವರ್ಷ ಕಳೆದರೂ ಬಹುಭಾಗವನ್ನು ಹಿಡಿದಿಟ್ಟುಕೊಳ್ಳುವ ಕೋಶವನ್ನು ತಂದ ಮೇಲೆ ಈ ದೋಷ ಬಹಳ ಕಡಿಮೆಯಾಯಿತು. ಕೊಳ್ಳುವಾಗ ಹೊದಿಕೆಯ ಮೇಲೆ 'ಪೂರ್ವಭರಿತ' ಎಂಬ ಅರ್ಥದ ಸೂಚನೆ ಇದೆಯೇ ಎಂದು ನೋಡಿದರೆ ಸಾಕು. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತೂ ತುಂಬಿಯೇ ಇರಬಲ್ಲ ಕೋಶಕ್ಕೆ ಮಾತ್ರ ಹಾಗೆ ಹೇಳಲು ಸಾಧ್ಯ. ಅತಿ ಹೆಚ್ಚಿನ ಮಿಲಿಆಂಪಿಯರ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದ ಅಜ್ಞಾತ ಕೋಶಗಳ ಬಗ್ಗೆ ಎಚ್ಚರವಿರುವುದು ಒಳಿತು. ಪೆನ್ಸಿಲ್ ಗಾತ್ರದಲ್ಲಿ 2700ಕ್ಕಿಂತ ಬಹಳ ಮೇಲಿನ ಸಂಖ್ಯೆ ಕಂಡರೆ ಅದು ಕೋಶದ ಗುಣವಲ್ಲ, ಅಚ್ಚಿನ ಗುಣ.

ಲೆಕ್ಕ

ಬೆಲೆಗಳು ಊರಿಂದೂರಿಗೆ ಬದಲಾಗುವುದರಿಂದ ಇಲ್ಲಿ ಹಿಡಿದ ದರಗಳನ್ನು ಲೆಕ್ಕದ ಮಾದರಿಯೆಂದು ಮಾತ್ರ ತಿಳಿಯತಕ್ಕದ್ದು. ಸತು-ಇಂಗಾಲದ ಪೆನ್ಸಿಲ್ ಸೆಲ್ಲಿಗೆ 15 ರೂಪಾಯಿ, ಆಲ್ಕಲೈನಿಗೆ 35, ನಿಕಲ್-ಹೈಡ್ರೈಡಿಗೆ 200, ಒಳ್ಳೆಯ ಚಾರ್ಜರಿಗೆ 1000 ಎಂದು ಇಟ್ಟುಕೊಳ್ಳೋಣ.

ಮೊದಲು ಗೋಡೆಗಡಿಯಾರ. ಅದರ ಹಸಿವು ಅತ್ಯಲ್ಪ; ಸಾಧಾರಣ ಸೆಲ್ಲೊಂದು ವರ್ಷಪೂರ್ತಿ ನಡೆಸುತ್ತದೆ. ಇಪ್ಪತ್ತು ಕೋಣೆಗಳ ಶಾಲೆಗೆ ವರ್ಷಕ್ಕೆ 20 ಸೆಲ್, 300 ರೂಪಾಯಿ. ಅಷ್ಟಕ್ಕೂ ಮರುಪೂರಣ ಕೋಶ ಹಾಕಿದರೆ ಒಮ್ಮೆಗೇ 4000 ರೂಪಾಯಿ ಬೇಕು. ಅದು ಮರಳಿ ಗಿಟ್ಟಲು ಹದಿಮೂರು ವರ್ಷಗಳಾಗಬೇಕು. ಅಷ್ಟು ಕಾಲ ಆ ಕೋಶವೇ ಬದುಕಿರುವುದು ಸಂದೇಹ. ಗಡಿಯಾರಕ್ಕೂ ರಿಮೋಟಿಗೂ ಎಸೆಯುವ ಸೆಲ್ಲೇ ಸರಿ. ಇವಕ್ಕೆ ದುಬಾರಿ ಆಲ್ಕಲೈನ್ ಕೂಡ ಅನಾವಶ್ಯಕ.

ಈಗ ತಂತಿರಹಿತ ಮೈಕು. ಎರಡು ಸೆಲ್ಲುಗಳ ಕೈಮೈಕೊಂದು ಆಲ್ಕಲೈನಿನ ಮೇಲೆ ಎಂಟು ಗಂಟೆ ನಡೆಯುತ್ತದೆ ಎನ್ನೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಎಂಟನೆಯ ತರಗತಿಗಳಿಗೆ 220 ಕೆಲಸದ ದಿನಗಳನ್ನು ಗೊತ್ತುಪಡಿಸಿದೆ. ದಿನಕ್ಕೆ ಅರ್ಧ ಗಂಟೆಯಂತೆ 110 ಗಂಟೆ, ಎಂದರೆ ವರ್ಷಕ್ಕೆ ಹದಿನಾಲ್ಕು ಜೊತೆ, 28 ಸೆಲ್, 980 ರೂಪಾಯಿ. ಎರಡು ಮೈಕುಗಳಿದ್ದರೆ 1960. ಇದಕ್ಕೆ ಪ್ರತಿಯಾಗಿ ಪ್ರತಿ ಮೈಕಿಗೆ ಎರಡೆರಡು ಜೊತೆಯಂತೆ ಎಂಟು ಮರುಪೂರಣ ಕೋಶ ಮತ್ತು ಒಂದು ಚಾರ್ಜರ್ ಕೊಂಡರೆ 2600 ರೂಪಾಯಿ. ಸುಮಾರು ಹದಿನಾರು ತಿಂಗಳಲ್ಲಿ ಹಣ ಹಿಂದಿರುಗುತ್ತದೆ. ಅನಂತರದ ವರ್ಷಗಳೆಲ್ಲ ಉಳಿತಾಯ. ತುಂಬಲು ತಗಲುವ ವಿದ್ಯುತ್ತಿನ ವೆಚ್ಚ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಚಾರ್ಜರು ಅರ್ಧವನ್ನು ಬಿಸಿಯಾಗಿ ಕಳೆದರೂ ಒಂದು ಯೂನಿಟ್ಟಿನಲ್ಲಿ ಸುಮಾರು ಇನ್ನೂರು ಕೋಶಗಳನ್ನು ತುಂಬಬಹುದು. ಅದೇ ಒಂದು ಯೂನಿಟ್ ವಿದ್ಯುತ್ತನ್ನು ಆಲ್ಕಲೈನ್ ಸೆಲ್ಲುಗಳ ರೂಪದಲ್ಲಿ ಕೊಳ್ಳುವುದಾದರೆ, ಒಂದೊಂದರಲ್ಲಿ ಸುಮಾರು 3 ವಾಟ್-ಗಂಟೆಯಂತೆ 333 ಸೆಲ್ ಬೇಕು. ಬೆಲೆ ಹನ್ನೊಂದುವರೆ ಸಾವಿರಕ್ಕೂ ಮಿಗಿಲು! ಮನುಷ್ಯನು ಕೊಳ್ಳುವ ವಿದ್ಯುತ್ತಿನಲ್ಲಿ ಎಸೆಯುವ ಸೆಲ್ಲಿನದರಷ್ಟು ದುಬಾರಿಯಾದುದು ವಿರಳ.

ಇಲ್ಲಿ ಜಾಹೀರಾತಿನ ಮಾತೊಂದನ್ನು ತೂಗಿ ನೋಡಬೇಕು. ಸಾವಿರ ಬಾರಿ ತುಂಬಬಹುದೆಂದು ಹೊದಿಕೆಯ ಮೇಲೆ ಬರೆದಿರುತ್ತದೆ. ಮೇಲಿನ ಲೆಕ್ಕದಲ್ಲಿ ಒಂದು ಜೊತೆ ಕೋಶಕ್ಕೆ ವರ್ಷಕ್ಕೆ ಬರುವ ಸರದಿ ಏಳು ಮಾತ್ರ. ಆ ಪ್ರಮಾಣದಲ್ಲಿ ಸಾವಿರ ಮುಟ್ಟಲು 142 ವರ್ಷಗಳು ಬೇಕು. ಶಾಲೆಯು ತನ್ನ ಶತಮಾನೋತ್ಸವವನ್ನು ಆಚರಿಸಿದ ಮೇಲೂ ಆ ಸೆಲ್ಲು ಹಾಡುತ್ತಿರಬೇಕಾಗುತ್ತದೆ. ವಸ್ತುತಃ ಶಾಲೆಗಳಲ್ಲಿ ಕೋಶವು ಎಣಿಕೆ ಮುಗಿದು ಸಾಯುವುದಿಲ್ಲ. ವಯಸ್ಸಾಗಿ, ಬಿಸಿಯಾಗಿ, ಅನಾದರದಿಂದ ಸಾಯುತ್ತದೆ. ಆದ್ದರಿಂದ ಸಾವಿರ ಎಂಬ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯದೆ, ನಾಲ್ಕು ಐದು ವರ್ಷಗಳ ಆಯುಷ್ಯವನ್ನು ಹಿಡಿದು ಉಳಿತಾಯ ಕಾಣುತ್ತದೆಯೇ ಎಂದು ನೋಡುವುದು ವಿವೇಕ. ತಿಂಗಳಿಗೊಮ್ಮೆಯಾದರೂ ಸೆಲ್ಲು ಬರಿದಾಗುವ ಉಪಕರಣವಿದ್ದರೆ ಕಾಣುತ್ತದೆ. ವರ್ಷಕ್ಕೊಮ್ಮೆ ಬದಲಿಸುವಂಥದಿದ್ದರೆ ಕಾಣುವುದಿಲ್ಲ. ಇವೆರಡರ ನಡುವಣ ಉಪಕರಣಗಳಲ್ಲಿ ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಗಣಿತದ ಮನೆಗೆಲಸ ದೊರೆಯಲಾರದು.

ಕೈಕೊಡಬಾರದ ಕಡೆ

ಹಣದ ತಕ್ಕಡಿಯಲ್ಲಿ ತೂಗಬಾರದ ಸಂದರ್ಭಗಳೂ ಇವೆ. ಸ್ಟಾಕ್‌ಹೋಮಿನಲ್ಲಿ 1958ರಲ್ಲಿ ಓಕೆ ಸೆನ್ನಿಂಗ್ ಎಂಬ ಶಸ್ತ್ರವೈದ್ಯನು, ರೂನೆ ಎಲ್ಮ್‌ಕ್ವಿಸ್ಟ್ ರಚಿಸಿದ ಹೃದಯಗತಿ ನಿಯಂತ್ರಕವನ್ನು ರೋಗಿಯ ದೇಹದೊಳಗೆ ಪ್ರಥಮವಾಗಿ ಇರಿಸಿದಾಗ ಅದರಲ್ಲಿದ್ದುದು ಹೊರಗಿನಿಂದ ತುಂಬಬಹುದಾದ ನಿಕಲ್-ಕ್ಯಾಡ್ಮಿಯಂ ಕೋಶ. ಕೇಳಲು ಎಷ್ಟು ಚೆನ್ನ! ಆದರೆ ವೈದ್ಯಲೋಕವು ಆ ದಾರಿಯಲ್ಲಿ ಬಹಳ ದೂರ ಹೋಗಲಿಲ್ಲ. 1972ರಲ್ಲಿ ಲೀಥಿಯಂ-ಅಯೊಡಿನ್ ಪ್ರಾಥಮಿಕ ಕೋಶವು ಬಳಕೆಗೆ ಬಂದಿತು. ವರ್ಷಗಟ್ಟಲೆ ಯಾರ ಗಮನವನ್ನೂ ಬೇಡದೆ ನಡೆಯುವ ಈ ಜಾತಿಯೇ ಕೊನೆಗೆ ನೆಲೆನಿಂತಿತು. ತುಂಬಲು ಮರೆತರೆ ಪ್ರಾಣವೇ ಹೋಗುವ ಕಡೆ, ಮರೆಯಲು ಅವಕಾಶವನ್ನೇ ಕೊಡದ ಕೋಶವನ್ನು ಆರಿಸಿಕೊಂಡರು.

ಭಾರತದ ವಿದ್ಯುನ್ಮಾನ ಮತಯಂತ್ರವು ಮತ್ತೊಂದು ನಿದರ್ಶನ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ತಯಾರಿಸುವ ಈ ಯಂತ್ರವನ್ನು 1982ರಲ್ಲಿ ಕೇರಳದ ಪರವೂರು ಕ್ಷೇತ್ರದ ಕೆಲವು ಮತಗಟ್ಟೆಗಳಲ್ಲಿ ಮೊದಲು ಪ್ರಯೋಗಿಸಲಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಬಳಸಲಾಯಿತು. ಕರೆಂಟಿಲ್ಲದ ಕಾಡಿನ ಮತಗಟ್ಟೆಯಲ್ಲಿಯೂ ನಡೆಯಬೇಕಾದುದರಿಂದ ಇದಕ್ಕೆ ಆಲ್ಕಲೈನ್ ಕೋಶಗಳ ಕಟ್ಟನ್ನು ಹಾಕುತ್ತಾರೆ. ವರ್ಷಗಳ ಕಾಲ ಉಗ್ರಾಣದಲ್ಲಿದ್ದು, ಗೊತ್ತಾದ ಒಂದು ದಿನ ತಪ್ಪದೆ ಕೆಲಸ ಮಾಡಿ, ಮತ್ತೆ ಉಗ್ರಾಣಕ್ಕೆ ಹೋಗುವ ಯಂತ್ರಕ್ಕೆ ಮರುಪೂರಣ ಕೋಶ ಒಗ್ಗುವುದಿಲ್ಲ. ಶಾಲೆಯಲ್ಲಿಯೂ ಇಂಥ ಸ್ಥಳವಿದೆ. ವಿದ್ಯಾರ್ಥಿನಿಲಯದಲ್ಲಿ ನಡುರಾತ್ರಿ ಮಗುವಿಗೆ ಹಾವು ಕಚ್ಚಿತೆಂದರೆ ಕೈಗೆ ತೆಗೆದುಕೊಳ್ಳಬೇಕಾದ ಟಾರ್ಚಿನಲ್ಲಿ ಸುಸ್ಥಿತಿಯ ಆಲ್ಕಲೈನ್ ಸೆಲ್ಲಿರಬೇಕು. ಅದರ ಅವಧಿಯ ದಿನಾಂಕವನ್ನು ನೋಡುತ್ತಿರಬೇಕು. ಪ್ರತಿರಾತ್ರಿ ಸುತ್ತು ಹಾಕುವ ಕಾವಲುಗಾರನ ಟಾರ್ಚು ಬೇರೆ; ಅದು ದಿನವೂ ಬರಿದಾಗುವುದರಿಂದ ದಿನವೂ ತುಂಬುವಂಥದ್ದೇ ಆಗಲಿ. ಒಂದೇ ಟಾರ್ಚಿನಿಂದ ಎರಡೂ ಕೆಲಸ ಸಾಗಿಸಲು ಹೋದಲ್ಲಿ ಬೇಕಾದ ರಾತ್ರಿ ಬೆಳಕಿರುವುದಿಲ್ಲ.

ಒಡೆಯನಿಲ್ಲದ ಕೋಶ

ಮರುಪೂರಣ ಕೋಶವು ಒಂದು ವಸ್ತುವೆನ್ನುವುದಕ್ಕಿಂತ ಸಾಕಿದ ಪ್ರಾಣಿ ಎಂದರೆ ಸರಿಹೋಗುತ್ತದೆ. ಮನೆಯಲ್ಲಿ ಅದಕ್ಕೆ ಒಡೆಯನಿರುತ್ತಾನೆ. ಸಂಸ್ಥೆಗಳಲ್ಲಿ ಹಾಗಲ್ಲ, ಎಲ್ಲರದೂ ಆದುದು ಯಾರದೂ ಆಗುವುದಿಲ್ಲ. ದಾನಿಗಳು ಪ್ರೀತಿಯಿಂದ ಕೊಟ್ಟ ತುರ್ತುದೀಪಗಳ ಗತಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಂಥ ಹಲವು ದೀಪಗಳೊಳಗೆ ಮುಚ್ಚಿದ ಸೀಸ-ಆಮ್ಲದ ಕೋಶವಿರುತ್ತದೆ. ಪರೀಕ್ಷೆ ಮುಗಿದು ಬೇಸಿಗೆಯ ರಜೆ ಬರುತ್ತದೆ. ಅರ್ಧ ಬರಿದಾದ ದೀಪವನ್ನು ಹಾಗೆಯೇ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಳಾಗಿ ಬೆಳೆಯುತ್ತದೆ. ಜೂನಿನಲ್ಲಿ ತೆಗೆದು ಎಷ್ಟು ಹೊತ್ತು ಪ್ಲಗ್ಗಿಗೆ ಹಾಕಿದರೂ ಅದು ತುಂಬುವುದಿಲ್ಲ. ದೀಪ ಕೆಟ್ಟಿತೆಂದು ಮೂಲೆಗೆ ಸೇರುತ್ತದೆ. ಕೆಟ್ಟದ್ದು ದೀಪವಲ್ಲ, ಎರಡು ತಿಂಗಳ ಉಪವಾಸ. ಸೀಸದ ಕೋಶವನ್ನು ಪೂರ್ತಿ ತುಂಬಿಯೇ ಇಡಬೇಕು, ನಡುವೆ ಒಮ್ಮೆಯಾದರೂ ಮತ್ತೆ ತುಂಬಬೇಕು. ಲೀಥಿಯಂ ಕೋಶದ ಸ್ವಭಾವ ಇದಕ್ಕೆ ವಿರುದ್ಧ. ಬಹುಕಾಲ ಇಡುವುದಾದರೆ ಅದನ್ನು ಸುಮಾರು ಅರ್ಧದಷ್ಟು ತುಂಬಿ ತಂಪಾದ ಕಡೆ ಇಡುವುದು ಲೇಸು. ದಾನವಾಗಿ ಬಂದ ವಸ್ತುವಿನೊಡನೆ ಒಳಗಿರುವ ಕೋಶ ಯಾವ ಜಾತಿಯದೆಂಬ ಚೀಟಿಯನ್ನೂ ಅಂಟಿಸಿದರೆ ದಾನಕ್ಕೆ ಆಯುಷ್ಯ ಹೆಚ್ಚುತ್ತದೆ.

ಪೆನ್ಸಿಲ್ ಗಾತ್ರದ ಕೋಶಗಳ ಪಾಲನೆಯಲ್ಲಿ ನೆನಪಿಡಬೇಕಾದುದು ಜೊತೆಯ ನಿಯಮ. ಒಂದು ಮೈಕಿನಲ್ಲಿ ಒಟ್ಟಿಗೆ ಬಾಳಿದ ಎರಡು ಕೋಶಗಳನ್ನು ಕೊನೆಯವರೆಗೂ ಅಗಲಿಸಬಾರದು. ಬಲವಾದ ಕೋಶದೊಡನೆ ದುರ್ಬಲವಾದುದನ್ನು ಸಾಲುಗೂಡಿಸಿದರೆ, ದುರ್ಬಲವಾದುದು ಮೊದಲು ಬರಿದಾಗಿ, ಬಲವಾದುದು ತಳ್ಳುವ ಪ್ರವಾಹವು ಅದರಲ್ಲಿ ವಿರುದ್ಧ ದಿಕ್ಕಿನ ವೋಲ್ಟೇಜನ್ನು ಉಂಟುಮಾಡಿ ಅದನ್ನು ಶಾಶ್ವತವಾಗಿ ಕೆಡಿಸುತ್ತದೆ. ಕೊಂಡ ದಿನವೇ ಶಾಯಿಯಿಂದ ಜೊತೆಯ ಸಂಖ್ಯೆ ಮತ್ತು ತಿಂಗಳು-ವರ್ಷ ಬರೆದಿಡುವುದು ಸುಲಭೋಪಾಯ. ಚಾರ್ಜರಿನ ವಿಷಯದಲ್ಲಿ ಕೈಬಿಗಿ ಮಾಡಬಾರದು. ತುಂಬಿದ ಮೇಲೂ ಪ್ರವಾಹವನ್ನು ಬಿಡುತ್ತಲೇ ಇರುವ ಅಗ್ಗದ ಚಾರ್ಜರು ದುಬಾರಿ ಕೋಶಗಳನ್ನು ಬೇಯಿಸುತ್ತದೆ; ಒಂದೊಂದು ಕೋಶವನ್ನೂ ಪ್ರತ್ಯೇಕವಾಗಿ ಗಮನಿಸಿ ತಾನೇ ನಿಲ್ಲುವಂಥದ್ದು ಬೇಕು. ಎಸೆಯುವ ಸೆಲ್ಲನ್ನು ಚಾರ್ಜರಿಗೆ ಹಾಕಲೇಕೂಡದು. ಒಳಗೆ ಅನಿಲ ಉತ್ಪತ್ತಿಯಾಗಿ ಕ್ಷಾರ ಸೋರುತ್ತದೆ, ಸಿಡಿಯುವುದೂ ಉಂಟು. ಪೆನ್ಸಿಲ್ ಸೆಲ್ಲಿನ ಗಾತ್ರದಲ್ಲಿಯೇ 3.7 ವೋಲ್ಟಿನ ಲೀಥಿಯಂ ಕೋಶಗಳೂ ಪೇಟೆಯಲ್ಲಿವೆ. ಗಾತ್ರ ಒಂದೇ ಎಂದು ಅವನ್ನು ಸಾಧಾರಣ ಉಪಕರಣಕ್ಕೆ ತುರುಕಿದರೆ ಉಪಕರಣವು ಸುಟ್ಟುಹೋಗಬಹುದು.

ಈ ಎಲ್ಲ ಕೆಲಸವನ್ನು ವಹಿಸಿಕೊಳ್ಳಲು ಒಬ್ಬ ಶಿಕ್ಷಕರಾಗಲಿ, ವಿಜ್ಞಾನ ಸಂಘದ ಇಬ್ಬರು ವಿದ್ಯಾರ್ಥಿಗಳಾಗಲಿ ಸಿದ್ಧರಿದ್ದರೆ ಮರುಪೂರಣ ಕೋಶವನ್ನು ತರಬೇಕು. ಇಲ್ಲದಿದ್ದಲ್ಲಿ ಮೈಕಿಗೂ ಆಲ್ಕಲೈನ್ ಕೊಳ್ಳುವುದೇ ಪ್ರಾಮಾಣಿಕವಾದ ಮಿತವ್ಯಯ.

ಬರಿದಾದ ಮೇಲೆ

ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಗೆ, ತೀರಿಹೋದ ಸೆಲ್ಲನ್ನು ಕಲ್ಲಿನಿಂದ ಜಜ್ಜಿ ಒಳಗಿನ ಕಪ್ಪು ಪುಡಿಯನ್ನು ಸೊಪ್ಪಿನ ರಸದೊಡನೆ ಅರೆದು ತರಗತಿಯ ಕರಿಹಲಗೆಗೆ ಬಳಿದ ನೆನಪಿರಬಹುದು. ನಡುವಿನ ಇಂಗಾಲದ ಕಡ್ಡಿಗಾಗಿ ಹುಡುಗರು ಜಗಳವಾಡುತ್ತಿದ್ದುದೂ ಉಂಟು. ಆ ಪುಡಿ ಬಹುಪಾಲು ಮ್ಯಾಂಗನೀಸಿನದು. ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿ ಅಗೆಯುವ ಅದಿರಿನ ಲೋಹವೇ ಅದು. ಅದರ ಧೂಳು ಉಸಿರಿಗೆ ಒಳ್ಳೆಯದಲ್ಲ. ಅಂದಿನ ಸೆಲ್ಲುಗಳಲ್ಲಿ ಸತುವು ಬೇಗ ಸವೆಯದಿರಲೆಂದು ಪಾದರಸವನ್ನೂ ಸೇರಿಸುತ್ತಿದ್ದರು. ಜಪಾನಿನ ಮಿನಮಾಟ ಕೊಲ್ಲಿಯ ಮೀನು ತಿಂದು ನರರೋಗಕ್ಕೆ ತುತ್ತಾದವರ ದುರಂತದ ಹೆಸರನ್ನೇ ಹೊತ್ತ 2013ರ ಅಂತರರಾಷ್ಟ್ರೀಯ ಒಪ್ಪಂದವು ಕೆಲವು ಗುಂಡಿ ಸೆಲ್ಲುಗಳ ಹೊರತು ಪಾದರಸಯುಕ್ತ ಕೋಶಗಳ ತಯಾರಿಕೆಯನ್ನು ನಿಲ್ಲಿಸುವಂತೆ ವಿಧಿಸಿತು. ಹಳೆಯ ಪೆಟ್ಟಿಗೆಗಳಲ್ಲಿ ಉಳಿದಿರಬಹುದಾದ ನಿಕಲ್-ಕ್ಯಾಡ್ಮಿಯಂ ಕೋಶಗಳನ್ನಂತೂ ಕಸಕ್ಕೆ ಹಾಕಲೇಬಾರದು.

ಸಾಧಾರಣವಾಗಿ ಶಾಲೆಯ ಹಿತ್ತಲಲ್ಲಿ ಕಸವನ್ನು ಗುಡ್ಡೆಹಾಕಿ ಬೆಂಕಿ ಹಚ್ಚುವ ಅಭ್ಯಾಸವಿದೆ. ಬೆಂಕಿಯಲ್ಲಿ ಸೆಲ್ಲು ಸಿಡಿಯುತ್ತದೆ. ಲೀಥಿಯಂ ಕೋಶವಾದರೆ ಅದೇ ಬೆಂಕಿಯಾಗುತ್ತದೆ. ಭಾರತದಲ್ಲಿ 2001ರ ನಿಯಮಗಳು ಸೀಸ-ಆಮ್ಲದ ಬ್ಯಾಟರಿಗಳನ್ನು ಮಾತ್ರ ಗಮನಿಸಿದ್ದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಜಾತಿಯ, ಎಲ್ಲ ಗಾತ್ರದ ಕೋಶಗಳನ್ನೂ ಒಳಗೊಂಡು, ಅವನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಗೀಟು ಹಾಕಿದ ಕಸದ ತೊಟ್ಟಿಯ ಚಿಹ್ನೆ ಕೋಶದ ಮೇಲಿರುವುದು ಸಾಮಾನ್ಯ ಕಸದೊಡನೆ ಬೆರೆಸಬಾರದೆಂಬುದಕ್ಕೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕಚೇರಿಯಲ್ಲಿಟ್ಟು, ಲೀಥಿಯಂ ಕೋಶಗಳ ತುದಿಗೆ ಅಂಟುಪಟ್ಟಿ ಸುತ್ತಿ ಅದರಲ್ಲಿ ಹಾಕಿ, ಡಬ್ಬಿ ತುಂಬಿದಾಗ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬಹುದು.

ಎಲ್ಲಕ್ಕಿಂತ ಚಿಕ್ಕದಾದ ಕೋಶವೇ ಮಕ್ಕಳ ಪಾಲಿಗೆ ಎಲ್ಲಕ್ಕಿಂತ ಭಯಂಕರವಾದುದು. ಆಟಿಕೆ, ಚಿಕ್ಕ ರಿಮೋಟು, ತೂಕದ ಯಂತ್ರಗಳಲ್ಲಿರುವ ನಾಣ್ಯದಾಕಾರದ ಲೀಥಿಯಂ ಸೆಲ್ಲನ್ನು ಮಗು ನುಂಗಿದರೆ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಗಳಷ್ಟರಲ್ಲಿ ಆಳವಾದ ಸುಟ್ಟಗಾಯ ಮಾಡಬಲ್ಲದು. ಇದು ವಿಷದಿಂದಲ್ಲ, ಒದ್ದೆಯಾದ ಅಂಗಾಂಶದ ಮೂಲಕ ಪ್ರವಾಹ ಹರಿದು ಅಲ್ಲಿಯೇ ಕ್ಷಾರ ಹುಟ್ಟುವುದರಿಂದ. ಗಡಿಯಾರ ನಡೆಸಲಾರದಷ್ಟು ಬರಿದಾದ ಸೆಲ್ಲಿಗೂ ಈ ಶಕ್ತಿ ಉಳಿದಿರುತ್ತದೆ. ನುಂಗಿದ ಸಂದೇಹ ಬಂದ ಕ್ಷಣವೇ, ವಾಂತಿ ಮಾಡಿಸಲು ಹೋಗದೆ, ಎಕ್ಸ್-ರೇ ಸೌಕರ್ಯವಿರುವ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬೇಸಿಗೆ ರಜೆಗೆ ಬೀಗ ಹಾಕುವ ಮುನ್ನ ಎಲ್ಲ ಉಪಕರಣಗಳಿಂದ ಸೆಲ್ಲುಗಳನ್ನು ತೆಗೆದು, ಎಣಿಸಿ, ಗುಂಡಿ ಸೆಲ್ಲುಗಳನ್ನು ಬೇರೆಯೇ ಡಬ್ಬಿಯಲ್ಲಿ ಹಾಕಿ ಮೇಲಿನ ಕಪಾಟಿನಲ್ಲಿಡುವುದು ಜವಾನನಿಗೆ ಅರ್ಧ ದಿನದ ಕೆಲಸ.